ಭಾನುವಾರದ ಕಾಮಿಡಿ ಶೋ: ಅಜ್ಜಿ ಕೇಳಿದ ಪ್ರಶ್ನೆ, ಮೂರನೇ ಸಾಲಿನ ಹುಡುಗಿ

ಅಮಾನಿಕೆರೆ ವಾಕರ್:
ಭಾನುವಾರ ಸಂಜೆ ನಮ್ಮ ತುಮಕೂರಲ್ಲಿ ನಡೆದ ಶೋಗೆ ಯಾರ್ಯಾರು ಹೋಗಿದ್ರಿ? ಧಾರಾವಾಹೀಲಿ ಮಾವನ ಪಾರ್ಟು ಮಾಡ್ತಾರಲ್ಲ, ವಾರಾಂತ್ಯದ ಕಾಮಿಡಿ ಕಾರ್ಯಕ್ರಮದಲ್ಲೂ ಬರ್ತಾರಲ್ಲ, ಅವರದ್ದು. ಹೆಸರು ಬೇಕಂತಲೇ ಹಾಕ್ತಿಲ್ಲ. ಹಾಕಿದ ತಕ್ಷಣ ಅಭಿಮಾನಿಗಳು ಒಂದು ಕಡೆ, ಆಗದವರು ಒಂದು ಕಡೆ ನಿಂತು ಜಗಳ ಶುರುವಾಗುತ್ತೆ. ನನಗೆ ಮಾತಾಡಬೇಕಿರೋದು ಸಭಾಂಗಣ ಎಲ್ಲಿ ನಕ್ತು, ಎಲ್ಲಿ ನಗಲಿಲ್ಲ, ಎಲ್ಲಿ ನಗಬಾರದಿತ್ತು ಅನ್ನೋದರ ಬಗ್ಗೆ.

ಪರದೆ ಸರಿದಾಗ ಬಿದ್ದ ಶಿಳ್ಳೆ ಕೇಳಿದ್ರೆ ಆ ಮನುಷ್ಯ ಸುಮ್ನೆ ನಿಂತ್ಕೊಂಡಿದ್ರೂ ಸಾಕಿತ್ತು. ಬಂದವರೇ ಧಾರಾವಾಹಿಯ ಹೊಸ್ತಿಲಿನ ಡೈಲಾಗ್ ಹೊಡೆದ್ರು, ಕೂಗಾಟವೋ ಕೂಗಾಟ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಡೈಲಾಗು, ಚಪ್ಪಾಳೆ ಅರ್ಧಕ್ಕೆ ಇಳೀತು. ಮತ್ತೊಂದು ಸಲ ಹೇಳೋ ಹೊತ್ತಿಗೆ ಜನ ಮೊಬೈಲ್ ಕೆಳಗಿಟ್ಟು ಪಕ್ಕದವರ ಜೊತೆ ಮಾತಿಗಿಳಿದಿದ್ರು. ಟೀವೀಲಿ ಪುಕ್ಕಟೆ ಸಿಗೋದನ್ನೇ ಕೇಳೋಕೆ ಯಾರೂ ಟಿಕೆಟ್ ತಗೊಂಡು ಬಂದಿರಲಿಲ್ಲ.

ಆಮೇಲೆ ಊರಿನ ರಸ್ತೆ ವಿಷಯ ತೆಗೆದ್ರು. "ಒಂದು ಮದುವೇನ ಆರು ತಿಂಗಳು ಎಳೀತೀರ ಅಂತ ನಮ್ಮನ್ನ ಬೈತೀರಲ್ಲ, ನಿಮ್ಮೂರಿನ ರಸ್ತೆ ಅಗೆದಿದ್ದು ನಾವು ಲಗ್ನಪತ್ರಿಕೆ ಬರೆಸಿದ ದಿನ. ನಮ್ಮಲ್ಲಿ ತಾಳಿ ಕಟ್ಟಿ, ಸೀಮಂತ ಆಗಿ, ಮಗೂಗೆ ನಾಮಕರಣಾನೂ ಆಯ್ತು. ನಿಮ್ಮ ಗುಂಡಿಗೆ ಇನ್ನೂ ಮಣ್ಣು ಬಿದ್ದಿಲ್ಲ" ಅಂದ್ರು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಈ ಊರಲ್ಲಿ ಗಾಡಿ ಓಡಿಸಿದ ಪ್ರತಿಯೊಬ್ಬರೂ ಅನುಭವಿಸಿದ್ದು ಅದು. ಹಿಂದಿನ ಸಾಲಿನವರು ಎದ್ದು ನಿಂತು ನಕ್ರು. ಶೋ ಅಲ್ಲಿಂದ ನಿಜವಾಗಿ ಶುರುವಾಯ್ತು.

ಅದಾದ ಮೇಲೆ ಪ್ರೇಕ್ಷಕರ ಮೇಲೆ ಲೈಟ್ ಹಾಕಿಸಿದ್ರು. ಮೂರನೇ ಸಾಲಲ್ಲಿ ಒಬ್ಬ ಹುಡುಗಿ ಕೂತಿದ್ಲು. "ಏನ್ರೀ, ಅಲ್ಲಿ ಕರೆಂಟ್ ಹೋಗಿದ್ಯಾ? ಬರೀ ಹಲ್ಲು ಕಾಣ್ತಿದೆ" ಅಂದ್ರು. ಸಭಾಂಗಣ ನಕ್ತು, ಜೋರಾಗೇ ನಕ್ತು. ನಾನು ಅದೇ ಸಾಲಿನ ಈ ತುದೀಲಿದ್ದೆ. ಅವಳೂ ನಕ್ಕಳು. ದುಪಟ್ಟಾದ ಅಂಚನ್ನ ತೋರುಬೆರಳಿಗೆ ಬಿಗಿಯಾಗಿ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು ಮಾಡ್ತಾ ಇದ್ಲು. ಶೋ ಮುಗಿಯೋವರೆಗೂ ತಲೆ ಎತ್ತಲಿಲ್ಲ, ಒಂದು ಚಪ್ಪಾಳೇನೂ ತಟ್ಟಲಿಲ್ಲ.

ಕೊನೇಲಿ ಪ್ರಶ್ನೆ ಕೇಳೋ ಅವಕಾಶ ಕೊಟ್ರು. ಸೆರಗು ಹೊದ್ದ ಒಬ್ಬರು ಅಜ್ಜಿ ಮೈಕ್ ಇಸ್ಕೊಂಡು, "ಅಲ್ಲಪ್ಪಾ, ಆ ಸೊಸೇನ ಬಸುರಿ ಅಂತಾನೂ ನೋಡ್ದೆ ಯಾಕೆ ಆಚೆ ಹಾಕ್ದೆ?" ಅಂದ್ರು. ಇವರು ವೇದಿಕೆ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತ್ರು. "ಅಜ್ಜೀ, ನಾನು ಹಾಕಿದ್ದಲ್ಲ, ಬರೆಯೋರು ಹಂಗೆ ಬರೆದ್ರು." ಅಜ್ಜಿ ಬಿಡಲಿಲ್ಲ. "ನೀನು ಆಗಲ್ಲ ಅನ್ನಬೋದಿತ್ತಲ್ಲ?" ಆ ನಟರ ಬಾಯಲ್ಲಿ ಉತ್ತರ ಇರಲಿಲ್ಲ. ಹುಬ್ಬು ಮೇಲೆತ್ತಿ, ಸುಮ್ನೆ ಅಜ್ಜಿ ಮುಖ ನೋಡ್ತಾ ಕೂತ್ರು. ಅವತ್ತಿನ ಅತಿ ದೊಡ್ಡ ನಗು ಬಂದಿದ್ದು ಆಗ. ಆಮೇಲೆ ಕೈ ಮುಗಿದು "ನಾಳೆ ಶೂಟಿಂಗಲ್ಲಿ ಕೇಳ್ತೀನಿ ಅಜ್ಜಿ" ಅಂದ್ರು.

ಒಬ್ಬನೇ ಮನುಷ್ಯ, ಒಂದೇ ಸಂಜೆ, ಇವೆರಡನ್ನೂ ಮಾಡಿದ್ರು. ನಿಮಗೇನನ್ನಿಸ್ತು ಹೇಳಿ.

ಹಾಸ್ಟೆಲ್ ರೂಂ:
ಅಣ್ಣಾ, ನಾವು ಹಾಸ್ಟೆಲ್ ಹುಡುಗರು ಹಿಂಡಾಗಿ ಬಂದಿದ್ವಿ. ನನಗಂತೂ ಬೊಂಬಾಟಾಗಿತ್ತು. ಮುಂದಿನ ಸಾಲಲ್ಲಿ ಕೂತವರನ್ನ ಕಾಲೆಳೆಯೋದು ಈಗ ಎಲ್ಲಾ ಕಡೆ ಇದೆ, ಬೆಂಗಳೂರಲ್ಲಿ ಸ್ಟ್ಯಾಂಡಪ್ ನೋಡಿ, ಅದೇ ಅರ್ಧ ಶೋ. ಆ ಹುಡುಗೀನೂ ನಕ್ಕಳು ಅಂತ ನೀವೇ ಬರೆದಿದ್ದೀರ. ಅವಳಿಗಿಲ್ಲದ ಬೇಜಾರು ನಮಗ್ಯಾಕೆ?

ಕ್ಯಾತ್ಸಂದ್ರ ಅಕ್ಕ:
ಹಾಸ್ಟೆಲ್ ರೂಂ, ನೀನು ಚಿಕ್ಕವನು ಅಂತ ಪ್ರೀತಿಯಿಂದಲೇ ಹೇಳ್ತಿದ್ದೀನಿ ಕಣಪ್ಪ. ಅಷ್ಟು ಜನ ತಿರುಗಿ ನೋಡ್ತಿರುವಾಗ, ಮುಖದ ಮೇಲೆ ಲೈಟ್ ಬಿದ್ದಿರುವಾಗ ಆ ಹುಡುಗಿ ನಗದೆ ಇನ್ನೇನು ಮಾಡಬೇಕಿತ್ತು? ಅತ್ತಿದ್ರೆ "ತಮಾಷೆ ಅರ್ಥ ಆಗಲ್ಲ" ಅಂತಿದ್ರಿ. ಎದ್ದು ಹೋಗಿದ್ರೆ "ಕೊಬ್ಬು" ಅಂತಿದ್ರಿ.

ನನ್ನ ಮಗಳು ಏಳನೇ ಕ್ಲಾಸು, ಬಣ್ಣ ಸ್ವಲ್ಪ ಕಪ್ಪು. ಅವಳನ್ನೂ ಕರ್ಕೊಂಡು ಹೋಗಿದ್ದೆ. ವಾರವೆಲ್ಲಾ ಆ ಧಾರಾವಾಹಿ ನೋಡಿ "ಅಮ್ಮಾ, ಹತ್ತಿರದಿಂದ ನೋಡಬೇಕು" ಅಂತ ಹಠ ಹಿಡಿದಿದ್ಲು. ಆ ಮಾತು ಬಂದಾಗ ನನ್ನ ಕಡೆ ತಿರುಗಿ ನೋಡಿದ್ಲು ನೋಡಿ, ಆ ನೋಟಕ್ಕೆ ನಾನೇನು ಉತ್ತರ ಕೊಡಲಿ? ಸ್ಕೂಲಲ್ಲಿ ದಿನಾ ಇದನ್ನೇ ಕೇಳಿಸ್ಕೊಂಡು ಬರ್ತಾಳೆ. ಇಲ್ಲಿ ದುಡ್ಡು ಕೊಟ್ಟು ಕೇಳಿಸಿದ ಹಂಗಾಯ್ತು. ಮನೆಗೆ ಬರೋವಾಗ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ.

ಅಜ್ಜಿ ಪ್ರಸಂಗ ಮಾತ್ರ ನಾನು ಸಾಯೋವರೆಗೂ ಮರೆಯಲ್ಲ. ನಮ್ಮತ್ತೇನೂ ಅದೇ ಪ್ರಶ್ನೆ ದಿನಾ ಟೀವಿಗೆ ಕೇಳ್ತಾರೆ.

ಮೈಕ್‌ಸೆಟ್:
ನಾನು ಮದುವೆ, ಜಾತ್ರೆ, ನಾಟಕ, ಆರ್ಕೆಸ್ಟ್ರಾಗಳಿಗೆ ಸೌಂಡ್ ಕೊಡೋನು. ಈ ಶೋಗೆ ಕೊಟ್ಟಿದ್ದು ನಾನಲ್ಲ, ನೋಡೋಕೆ ಹೋಗಿದ್ದೆ. ಹಿಂದೆ ಕೂತವರಿಗೆ ಅರ್ಧ ಜೋಕು ಕೇಳಿಸಲಿಲ್ಲ ಅಂತ ಬಹಳ ಜನ ಹೇಳ್ತಿದ್ದಾರೆ, ಅದಕ್ಕೆ ಕಾರಣ ಹೇಳ್ತೀನಿ.

ಟೀವೀಲಿ ನಟರ ಅಂಗಿಗೆ ಸಣ್ಣ ಕಾಲರ್ ಮೈಕ್ ಸಿಗಿಸಿರ್ತಾರೆ. ಅಲ್ಲಿ ಸೆಟ್ ಸುತ್ತ ಮೌನ, ಎದುರಿಗೆ ದೊಡ್ಡ ಸ್ಪೀಕರ್ ಇಲ್ಲ. ಅದೇ ಮೈಕನ್ನ ಸಭಾಂಗಣಕ್ಕೆ ತಂದ್ರೆ, ನಟರು ಸ್ಪೀಕರ್ ಮುಂದಕ್ಕೆ ನಡೆದು ಬಂದ ತಕ್ಷಣ ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೋಗಿ, ಅದು ಮತ್ತೆ ಸ್ಪೀಕರಿಗೆ ಬಂದು ಕೀಂಯ್ ಅನ್ನುತ್ತೆ. ಭಾನುವಾರ ಮೊದಲ ಅರ್ಧ ಪೂರ್ತಿ ಅದೇ ಕಥೆ. ಆಪರೇಟರ್ ಹೆದರಿ ಮೈಕಿನ ವಾಲ್ಯೂಮ್ ಇಳಿಸಿದ. ಆಗ ಮಾತು ಮುಂದಿನ ಸಾಲುಗಳಿಗಷ್ಟೇ ಸೀಮಿತ.

ಇನ್ನೊಂದು ಹಿಂದಿನ ಗೋಡೆ. ಶಬ್ದ ಸೆಕೆಂಡಿಗೆ ಹೆಚ್ಚುಕಮ್ಮಿ 340 ಮೀಟರ್ ಹೋಗುತ್ತೆ. ಮೂವತ್ತು ಮೀಟರ್ ಉದ್ದದ ಹಾಲಲ್ಲಿ ಮಾತು ಹಿಂದಿನ ಗೋಡೆಗೆ ಬಡಿದು ವೇದಿಕೆಗೆ ವಾಪಸ್ ಬರೋಕೆ ಒಂದು ಸೆಕೆಂಡಿನ ಆರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅವರು ಮುಂದಿನ ಪದ ಆಡಿರ್ತಾರೆ, ಎರಡೂ ಕಲಸಿಹೋಗುತ್ತೆ. ಟೀವಿಯವರ ಮಾತು ಬಲು ವೇಗ, ಜೋಕಿನ ಕೊನೇ ಪದವೇ ಮುಳುಗಿಹೋಗುತ್ತೆ. ಕೊನೇ ಪದ ಹೋದ್ರೆ ಜೋಕೇ ಹೋಯ್ತಲ್ಲ.

ಅಜ್ಜಿ ಜೊತೆ ಮಾತಾಡೋವಾಗ ಗಮನಿಸಿದ್ರಾ? ಕೈ ಮೈಕ್ ಹಿಡಿದಿದ್ರು, ಒಂದೇ ಕಡೆ ಕೂತಿದ್ರು, ನಿಧಾನವಾಗಿ ಮಾತಾಡಿದ್ರು. ಕೊನೇ ಸಾಲಿಗೂ ಒಂದೊಂದು ಅಕ್ಷರ ಕೇಳಿಸ್ತು. ಜೊತೆಗೆ ನಗು ಇಳಿಯೋವರೆಗೂ ಕಾದ್ರು.

ಅಮಾನಿಕೆರೆ ವಾಕರ್:
ಮೈಕ್‌ಸೆಟ್ ಅಣ್ಣ, ಇದು ನನಗೆ ಹೊಳೆದಿರಲೇ ಇಲ್ಲ. ಮೊದಲ ಅರ್ಧ ಯಾಕೆ ಸಪ್ಪೆ ಆಯ್ತು ಅನ್ನೋದಕ್ಕೆ ಈಗ ಅರ್ಧ ಉತ್ತರ ಸಿಕ್ತು. ಉಳಿದರ್ಧ ನಟನೆ ಕಡೇದು ಅಂತ ನನ್ನ ಅನುಮಾನ.

ಎಡಿಟಿಂಗ್ ಟೇಬಲ್:
ಊರು ಗುಬ್ಬಿ ಹತ್ತಿರ, ಕೆಲಸ ಬೆಂಗಳೂರಲ್ಲಿ, ಟೀವಿ ಕಾರ್ಯಕ್ರಮಗಳ ಎಡಿಟಿಂಗ್. ಆ ಉಳಿದರ್ಧ ನಾನು ಹೇಳ್ತೀನಿ.

ನೀವು ಮನೇಲಿ ನೋಡೋ ಒಂದು ಗಂಟೆ ಕಾಮಿಡಿಗೆ ನಾವು ಹಲವು ಗಂಟೆ ಶೂಟ್ ಮಾಡಿರ್ತೀವಿ. ಜೋಕು ಬೀಳದಿದ್ರೆ ಕತ್ತರಿ. ಬಿದ್ದಿದ್ದಕ್ಕೆ ತೀರ್ಪುಗಾರರು ಹೊಟ್ಟೆ ಹಿಡ್ಕೊಂಡು ನಗೋ ಕ್ಲೋಸಪ್ ಸೇರಿಸ್ತೀವಿ. ಆ ನಗು ಅದೇ ಜೋಕಿಗೆ ಬಂದಿದ್ದೇ ಆಗಬೇಕು ಅಂತೇನಿಲ್ಲ. ಮೇಲೆ ಗುಂಪು ನಗುವಿನ ಟ್ರ್ಯಾಕು, ಒಂದು 'ಡೊಂಯ್' ಶಬ್ದ. ಇಷ್ಟೆಲ್ಲ ಊರುಗೋಲು ಇಟ್ಕೊಂಡು ವರ್ಷಗಟ್ಟಲೆ ನಡೆದವರು ವೇದಿಕೆಗೆ ಬರೋದು ಬರಿಗಾಲಲ್ಲಿ. ಕಣ್ಣಂಚಲ್ಲಿ ಮಾಡೋ ಸಣ್ಣ ಎಕ್ಸ್‌ಪ್ರೆಶನ್ ಕ್ಯಾಮೆರಾಕ್ಕೆ ಚಿನ್ನ, ಹದಿನೈದನೇ ಸಾಲಿಗೆ ಅದು ಇಲ್ಲವೇ ಇಲ್ಲ.

ದಿನದ ಧಾರಾವಾಹಿ ನಟರಿಗೆ ಶೂಟಿಂಗ್ ಮುಗಿಯೋದೇ ರಾತ್ರಿ. ರಜೆ ಸಿಕ್ಕ ಭಾನುವಾರ ಎಪ್ಪತ್ತು ಕಿಲೋಮೀಟರ್ ಗಾಡೀಲಿ ಬಂದು ವೇದಿಕೆ ಹತ್ತೋದು. ರಿಹರ್ಸಲ್‌ಗೆ ಸಮಯ ಎಲ್ಲಿದೆ? ಅವರ ಪರ ವಾದ ಮಾಡ್ತಿದ್ದೀನಿ ಅಂದ್ಕೋಬೇಡಿ. ಬಣ್ಣದ ಜೋಕು ನಮ್ಮ ಟೇಬಲ್‌ಗೂ ವಾರ ವಾರ ಬರುತ್ತೆ, ದಪ್ಪ ಇರೋರ ಮೇಲೆ, ಗಂಡು ಹೆಣ್ಣಿನ ವೇಷ ಹಾಕೋದರ ಮೇಲೆ ಕೂಡ. ಬೀಳೋ ಜೋಕು ಹೊಸದಾಗಿ ಹುಟ್ಟದಿದ್ದಾಗ ಬರೆಯೋರು ಕೈ ಹಾಕೋದು ಅದೇ ಡಬ್ಬಕ್ಕೆ. ನನ್ನ ಕೈಯಲ್ಲಾದಷ್ಟು ಕತ್ತರಿಸ್ತೀನಿ. ಎಲ್ಲಾ ಕತ್ತರಿಸೋ ಅಧಿಕಾರ ನನಗಿಲ್ಲ.

ಹಾರ್ಮೋನಿಯಂ ಮೇಷ್ಟ್ರು:
ನಾನು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವನು. ಶೋ ನೋಡಿಲ್ಲ, ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ತುಣುಕು ನೋಡಿದ್ದೇನೆ. ಆದರೂ ನಮ್ಮ ಜಿಲ್ಲೆಯವರು ನಗುವಿನ ವಿಚಾರ ಮಾತಾಡುವಾಗ ಸುಮ್ಮನಿರಲಾಗಲಿಲ್ಲ.

ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಇಲ್ಲೇ ಪಕ್ಕದ ಗುಬ್ಬಿಯಲ್ಲಿ. ವೀರಣ್ಣನವರು ಅಷ್ಟು ದೊಡ್ಡ ಕಂಪನಿಯ ಮಾಲೀಕರು, ಆನೆ ಕುದುರೆಗಳನ್ನು ರಂಗದ ಮೇಲೆ ತಂದವರು. ಆದರೆ ಜನ ಅವರನ್ನು ನೋಡಲು ಮುಗಿಬೀಳುತ್ತಿದ್ದದ್ದು 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ. ಯಜಮಾನನೇ ಕಳ್ಳನಾಗಿ ನಿಂತು ಜನರಿಂದ ನಗಿಸಿಕೊಳ್ಳುತ್ತಿದ್ದ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅದೇ ಕಂಪನಿಯಲ್ಲಿ ಪಳಗಿ, 1954ರಲ್ಲಿ 'ಬೇಡರ ಕಣ್ಣಪ್ಪ'ದ ಮೂಲಕ ಸಿನಿಮಾಕ್ಕೆ ಹೋದರು. ಅವರು ನಗಿಸಿದ್ದು ಯಾರ ಮೈಯನ್ನು ತೋರಿಸಿ? ತಮ್ಮದೇ ಸಣಕಲು ಮೈ, ತಮ್ಮದೇ ಉಬ್ಬುಹಲ್ಲು. ಅದರ ಮೇಲೆ ಅವರಿಗೆ ಪೂರ್ತಿ ಹಕ್ಕಿತ್ತು.

ನಮ್ಮ ಬಯಲುಸೀಮೆಯ ಮೂಡಲಪಾಯ ಯಕ್ಷಗಾನ ನೋಡಿದವರಿಗೆ ಗೊತ್ತು, ಕಿರೀಟ ಭುಜಕೀರ್ತಿ ಹಾಕಿ ಆರ್ಭಟಿಸಿಕೊಂಡು ಬರುವ ರಾಜನನ್ನು ಹಾಸ್ಯಗಾರ ತಡೆದು ಪ್ರಶ್ನೆ ಕೇಳುತ್ತಾನೆ. ರಾಜ ತಡವರಿಸುತ್ತಾನೆ, ಊರು ನಗುತ್ತದೆ. ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ರಾಜಕೀಯವನ್ನು ಅವತ್ತಿನ ರಾತ್ರಿಯೇ ಸಂಭಾಷಣೆಗೆ ಸೇರಿಸಿ, ಮಂತ್ರಿಗಳು ಮುಂದೆ ಕೂತಿದ್ದರೂ ಬಿಡದೆ ಝಾಡಿಸುತ್ತಿದ್ದರು. ಟಿಕೆಟ್ ಕೊಂಡು ಬಂದ ಹೆಣ್ಣುಮಗಳ ಬಣ್ಣ ಅವರಿಗೆ ವಸ್ತುವಾಗಿರಲಿಲ್ಲ.

ಹಾಸ್ಟೆಲ್ ರೂಂ:
ಮೇಷ್ಟ್ರೇ, ಗೌರವದಿಂದಲೇ ಕೇಳ್ತಿದ್ದೀನಿ. ಹಳೇ ನಾಟಕಗಳಲ್ಲಿ ಎಲ್ಲಾ ಶುದ್ಧವಾಗಿತ್ತಾ? ನಮ್ಮೂರ ಕುರುಕ್ಷೇತ್ರದ ಮಧ್ಯೆ ಬರೋ ಹಾಸ್ಯ ಪಾತ್ರಗಳ ಡಬಲ್ ಮೀನಿಂಗ್ ಕೇಳಿದ್ರೆ ಅಮ್ಮನ ಪಕ್ಕ ಕೂರೋಕಾಗಲ್ಲ. ಅದಕ್ಕೂ ಜನ ಬಿದ್ದು ಬಿದ್ದು ನಗ್ತಾರೆ, ನೋಟು ಬೇರೆ ಕೊಡ್ತಾರೆ. ಟೀವಿ ನಟ ಮಾಡಿದ್ರೆ ಮಾತ್ರ ತಪ್ಪಾ?

ಹಾರ್ಮೋನಿಯಂ ಮೇಷ್ಟ್ರು:
ತಪ್ಪೇ ಮಗು, ಅದೂ ತಪ್ಪೇ. ನಾನು ಕಲಿಸುವ ತಂಡಗಳಲ್ಲಿ ಹಾಸ್ಯದವರು ಹಂಗೆ ಮಾತಾಡಿದರೆ ಪೆಟ್ಟಿಗೆ ಮುಚ್ಚಿ ಎದ್ದು ಬರುತ್ತೇನೆ ಅಂತ ಮೊದಲೇ ಹೇಳಿರುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಬೇರೆ ಮೇಷ್ಟ್ರನ್ನು ನೋಡಿಕೊಳ್ಳುತ್ತಾರೆ.

ಪಾವಗಡ ಬಿಸಿಲು:
ನಮ್ಮ ವಿಷಯ ಯಾರೂ ಬರೀಲೇ ಇಲ್ವಲ್ಲ! ಯಾವೂರು ಅಂತ ಕೇಳ್ತಾ ಬಂದಾಗ ನಾನು "ಪಾವಗಡ" ಅಂತ ಕೂಗಿದೆ. "ಬಿಸಿಲನ್ನೂ ಮಾರ್ಕೊಂಡು ಬದುಕೋ ಊರಿನವರಿಗೆ ಜೋಕ್ ಮಾರೋಕೆ ಬಂದಿದ್ದೀನಲ್ಲಪ್ಪ" ಅಂದ್ರು. ನನಗೆ ತುಂಬಾ ಖುಷಿ ಆಯ್ತು. ಪಾವಗಡ ಅಂದ್ರೆ ಬರಗಾಲ, ಗುಳೆ ಅಂತ ಅಯ್ಯೋ ಅನ್ನೋರೇ ಜಾಸ್ತಿ. ಇವರು ಸೋಲಾರ್ ಪಾರ್ಕ್ ವಿಷಯ ತಿಳ್ಕೊಂಡು ಬಂದಿದ್ರು, 2,050 ಮೆಗಾವಾಟ್ ಅಂತ ಲೆಕ್ಕ ಸಮೇತ ಹೇಳಿದ್ರು. ನಮ್ಮ ತಾಲ್ಲೂಕನ್ನ ಗೇಲಿ ಮಾಡದೆ ನಮ್ಮ ಮೇಲೆ ಜೋಕ್ ಮಾಡಿದ್ರು. ನಮ್ಮ ಕಡೆಯವರಷ್ಟೂ ಜನ ಸೀಟಿ ಹೊಡೆದ್ವಿ. ಆದ್ದರಿಂದ ಇವರಿಗೆ ಚೆನ್ನಾಗಿ ಮಾಡೋಕೆ ಬರಲ್ಲ ಅಂತ ಯಾರೂ ಹೇಳಬೇಡಿ. ಬರುತ್ತೆ. ಅದಕ್ಕೇ ಆ ಹುಡುಗಿ ವಿಷಯ ನನಗೂ ಬೇಸರ.

ಶಿರಾಗೇಟ್:
ಟಿಕೆಟ್ ವಿಷಯ ಒಂದು ಮಾತು. ಆರು ಗಂಟೆ ಅಂತ ಹಾಕಿ ಶುರು ಮಾಡಿದ್ದು ಏಳರ ಹತ್ತಿರ. ಮುಂದಿನ ಸಾಲುಗಳು ದುಬಾರಿ ಟಿಕೆಟ್, ಅರ್ಧ ಖಾಲಿ. ಹಿಂದೆ ಜನ ಗೋಡೆಗೆ ಒರಗಿ ನಿಂತಿದ್ರು. ಶುರುವಾದ ಮೇಲಾದ್ರೂ ಹಿಂದಿನವರನ್ನ ಮುಂದೆ ಕೂರಿಸಬಹುದಿತ್ತು. ಖಾಲಿ ಕುರ್ಚಿಗಳಿಗೆ ಜೋಕ್ ಹೇಳಿದ್ರೆ ನಗು ಎಲ್ಲಿಂದ ಬರುತ್ತೆ? ನಗು ಅಂಟುರೋಗ, ಪಕ್ಕದಲ್ಲಿ ಜನ ಇರಬೇಕು.

ಕ್ಯಾತ್ಸಂದ್ರ ಅಕ್ಕ:
ಹೌದು ಶಿರಾಗೇಟ್, ತಡ ಮಾಡಿದ್ದಕ್ಕೆ ಮಕ್ಕಳೆಲ್ಲ ಹಸಿದು ಅಳ್ತಿದ್ವು. ಬರೋ ದಾರೀಲಿ ತಟ್ಟೆ ಇಡ್ಲಿ ತಿನ್ನಿಸ್ಕೊಂಡು ಬಂದಿದ್ದು ಒಳ್ಳೇದಾಯ್ತು.

ದುಪಟ್ಟಾ ಗೆಳತಿ:
ಇದಕ್ಕಾಗೇ ಹೊಸ ಖಾತೆ ಮಾಡ್ಕೊಂಡು ಬಂದಿದ್ದೀನಿ. ಮೂರನೇ ಸಾಲಿನ ಹುಡುಗಿ ನನ್ನ ಸ್ನೇಹಿತೆ, ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಇಲ್ಲಿ ನೀವು ಬರೆದಿದ್ದೆಲ್ಲ ಅವಳಿಗೆ ಓದಿ ಹೇಳಿದೆ, ಅವಳನ್ನ ಕೇಳಿಯೇ ಇದನ್ನ ಬರೀತಿದ್ದೀನಿ.

ಆ ಕ್ಷಣಕ್ಕೆ ಅವಳಿಗೆ ಅಷ್ಟೇನೂ ಅನ್ನಿಸಲಿಲ್ಲವಂತೆ, ಚಿಕ್ಕಂದಿನಿಂದ ಕೇಳಿದ ಮಾತೇ. ಬೇಜಾರಾಗಿದ್ದು ಆಮೇಲೆ. ಯಾರೋ ಆ ತುಣುಕನ್ನ ಮೊಬೈಲಲ್ಲಿ ಹಿಡಿದು ಹಾಕಿದ್ದಾರೆ. ಅವಳ ಮುಖಕ್ಕೆ ಗೆರೆ ಸುತ್ತಿ, ನಗೋ ಚಿತ್ರ ಅಂಟಿಸಿ, ಹಾಡು ಸೇರಿಸಿದ್ದಾರೆ. ಬೆಳಗ್ಗೆ ಅವಳ ಆಫೀಸಿನ ಗ್ರೂಪಿಗೇ ಬಂತು. ಅವಳಿಗೆ ಗಂಡು ನೋಡ್ತಿದ್ದಾರೆ, ಆ ಕಡೆಯವರೊಬ್ಬರು ಇವಳ ಅಮ್ಮನಿಗೇ ಕಳಿಸಿ "ಇದು ನಿಮ್ಮ ಮಗಳಾ" ಅಂತ ಕೇಳಿದ್ದಾರೆ. ಸಭಾಂಗಣದಲ್ಲಿ ಆಗಿದ್ದು ಅರ್ಧ ನಿಮಿಷ. ಇದು ಮುಗಿಯೋದೇ ಇಲ್ಲ.

ಹಾಕಿದವರು ಯಾರು ಅಂತ ನಾವು ಹುಡುಕ್ತಿಲ್ಲ, ಜಗಳಾನೂ ಬೇಡ. ನಿಮ್ಮ ಹತ್ತಿರ ಇದ್ರೆ ಅಳಿಸಿ. ಬಂದ್ರೆ ಮುಂದಕ್ಕೆ ಕಳಿಸಬೇಡಿ. ಅಷ್ಟೇ ಕೇಳ್ಕೊಳ್ಳೋದು.

ಅಮಾನಿಕೆರೆ ವಾಕರ್:
ಬರೆದಿದ್ದಕ್ಕೆ ಧನ್ಯವಾದ ತಾಯಿ. ಎಲ್ಲರಿಗೂ ಕೈ ಮುಗಿದು ಕೇಳ್ತೀನಿ, ನಿಮ್ಮ ಬಡಾವಣೆ ಗ್ರೂಪು, ಸಂಘದ ಗ್ರೂಪು, ಸಂಬಂಧಿಕರ ಗ್ರೂಪು ಎಲ್ಲಾದ್ರೂ ಆ ವಿಡಿಯೋ ಕಂಡ್ರೆ ಅಡ್ಮಿನ್‌ಗೆ ಹೇಳಿ ತೆಗೆಸಿ. ಹಾಕಿದ ಜಾಗದಲ್ಲೇ ದೂರು ಕೊಡೋ ಬಟನ್ ಇರುತ್ತೆ, ಅದನ್ನ ಒತ್ತಿ. ಅದಕ್ಕೂ ಬಗ್ಗದಿದ್ರೆ ಸೈಬರ್ ಅಪರಾಧಕ್ಕೆ ಸರ್ಕಾರದ ಸಹಾಯವಾಣಿ 1930 ಇದೆ, ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಜೊತೆಗೆ ಯಾರಾದ್ರೂ ಬೇಕಿದ್ರೆ ನನಗೆ ಖಾಸಗಿಯಾಗಿ ಸಂದೇಶ ಹಾಕಿ, ಬರ್ತೀನಿ.

ಹಾಸ್ಟೆಲ್ ರೂಂ:
ನಮ್ಮ ಹಾಸ್ಟೆಲ್ ಗ್ರೂಪಲ್ಲಿ ಇತ್ತು. ತೆಗೆಸಿದ್ದೀನಿ. ಇನ್ನೆರಡು ಕ್ಲಾಸ್ ಗ್ರೂಪಿಗೂ ಹೇಳಿದ್ದೀನಿ, ಒಂದರಲ್ಲಿ ಅಳಿಸಿದ್ರು, ಇನ್ನೊಂದರ ಅಡ್ಮಿನ್ ಫೋನ್ ಎತ್ತುತ್ತಿಲ್ಲ, ಸಂಜೆ ಅವನ ರೂಮಿಗೇ ಹೋಗ್ತೀನಿ. ಅಕ್ಕಾ, ನಿಮ್ಮ ಸ್ನೇಹಿತೆಗೆ ಹೇಳಿ.

ಆದ್ರೆ ಒಂದು ಪ್ರಶ್ನೆ ನಿಜವಾಗಲೂ ಉಳಿದಿದೆ. ನಾನೂ ಕಾಲೇಜು ಫೆಸ್ಟಲ್ಲಿ ವೇದಿಕೆ ಹತ್ತೋನು. ಎದುರಿಗೆ ಕೂತವರನ್ನ ಮಾತಾಡಿಸದಿದ್ರೆ ಹಾಲ್ ತಣ್ಣಗಿರುತ್ತೆ, ಮಾತಾಡಿಸಿದ್ರೆ ಹೀಗಾಗೋ ಭಯ. ಮೇಷ್ಟ್ರೇ, ಎಡಿಟಿಂಗ್ ಅಣ್ಣ, ಹೆಂಗೆ ಮಾಡಬೇಕು?

ಎಡಿಟಿಂಗ್ ಟೇಬಲ್:
ಅವರ ಕೆಲಸ ಕೇಳು, ಊರು ಕೇಳು, ಏನು ತಿಂದು ಬಂದ್ರಿ ಕೇಳು. ಮೈಬಣ್ಣ, ತೂಕ, ಕೂದಲು, ಪಕ್ಕದಲ್ಲಿರೋದು ಯಾರು ಅನ್ನೋದು, ಇವನ್ನ ಮುಟ್ಟಬೇಡ. ಲೈಟ್ ಹಾಕೋ ಮುಂಚೆ ಮಾತಾಡೋಕೆ ಇಷ್ಟ ಇರೋರು ಕೈ ಎತ್ತಲಿ. ಪಾವಗಡದವರು ತಾವಾಗೇ ಕೂಗಿದ್ರು, ಅಜ್ಜಿ ತಾವಾಗೇ ಮೈಕ್ ಇಸ್ಕೊಂಡ್ರು. ಆ ಹುಡುಗೀನ ಯಾರೂ ಕೇಳಿರಲಿಲ್ಲ.

ಹಾರ್ಮೋನಿಯಂ ಮೇಷ್ಟ್ರು:
ಎದುರಿಗಿರುವವರು ಒಂದು ಮಾತು ಹೆಚ್ಚು ಆಡಿದಾಗ ಅದನ್ನು ಮೀರಿಸಲು ಹೋಗಬೇಡ. ಅಜ್ಜಿಗೆ ಆ ನಟರು ಉತ್ತರ ಕೊಡಲು ಹೊರಟಿದ್ದರೆ ಎಲ್ಲ ಕೆಡುತ್ತಿತ್ತು. ಸುಮ್ಮನೆ ಸೋತರು ನೋಡು, ಅದನ್ನು ಅಭ್ಯಾಸ ಮಾಡಬೇಕು. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ನಡೆದಾಗ ಒಮ್ಮೆ ಬಂದು ಸೈಡ್ ವಿಂಗ್ ಹತ್ತಿರ ಕೂರು, ನಗು ಏಳುವುದು ಇಳಿಯುವುದು ವೇದಿಕೆ ಕಡೆಯಿಂದ ಕೇಳಿಸಿಕೋ. ನಾನು ಕೂರಿಸುತ್ತೇನೆ.

ಶಿರಾಗೇಟ್:
ಆಯೋಜಕರಿಗೆ ಒಂದು ಪತ್ರ ಬರೆಯೋಣ ಅಂತಿದ್ದೀನಿ: ಹೇಳಿದ ಸಮಯಕ್ಕೆ ಶುರು ಮಾಡಿ, ಖಾಲಿ ಸೀಟಿಗೆ ಹಿಂದಿನವರನ್ನ ಕೂರಿಸಿ, ಒಪ್ಪದವರ ಮೇಲೆ ಲೈಟ್ ಹಾಕಬೇಡಿ, ಮೊಬೈಲಲ್ಲಿ ಚಿತ್ರೀಕರಣ ಬೇಡ ಅಂತ ಮೊದಲೇ ಹೇಳಿ. ನಟರಿಗೂ ಒಂದು ಪ್ರತಿ ಹೋಗಲಿ. ಯಾರ್ಯಾರ ಸಹಿ?

ಪಾವಗಡ ಬಿಸಿಲು:
ನನ್ನದು ಹಾಕಿ. ಅಜ್ಜಿ ಮುಂದೆ ಕೂತ್ಕೊಂಡಿದ್ದು ಎಷ್ಟು ಹಿಡಿಸ್ತು ಅಂತಾನೂ ಪತ್ರದಲ್ಲಿ ಬರೀರಿ. ಬರೀ ತಪ್ಪು ಪಟ್ಟಿ ಮಾಡಿ ಕಳಿಸಿದ್ರೆ ಅರ್ಧಕ್ಕೇ ಮಡಚಿಡ್ತಾರೆ.

ಕ್ಯಾತ್ಸಂದ್ರ ಅಕ್ಕ:
ನನ್ನದೂ ಇರಲಿ. ನನ್ನ ಮಗಳೂ ಎರಡು ಸಾಲು ಬರೀತಾಳಂತೆ, ಅವಳ ಅಕ್ಷರದಲ್ಲೇ ಕಳಿಸಿ. ಮೈಕ್‌ಸೆಟ್ ಅಣ್ಣ, ಇನ್ನೊಂದು ಸಲ ಹೋಗೋದಾದ್ರೆ ಎಲ್ಲಿ ಕೂತ್ರೆ ಸರಿಯಾಗಿ ಕೇಳಿಸುತ್ತೆ?

ಮೈಕ್‌ಸೆಟ್:
ಮಧ್ಯದ ಸಾಲು ತಗೊಳ್ಳಿ ಅಕ್ಕ. ವೇದಿಕೆಗೂ ಹಿಂದಿನ ಗೋಡೆಗೂ ಅರ್ಧದಲ್ಲಿ, ಎರಡೂ ಸ್ಪೀಕರ್ ಸಮಾನ ದೂರ ಇರೋ ಜಾಗ. ಬಾಲ್ಕನಿ ಇದ್ರೆ ಅದರ ಕೆಳಗಡೆ ಬೇಡ, ಅಲ್ಲಿ ಮಾತು ಮಂಕಾಗುತ್ತೆ. ಪತ್ರಕ್ಕೆ ನನ್ನ ಸಹಿಯೂ ಸೇರಿಸಿ. ಕಾಲರ್ ಮೈಕ್ ಬೇಡ, ಕೈ ಮೈಕೋ ಕೆನ್ನೆ ಪಕ್ಕ ಬರೋ ಹೆಡ್‌ಸೆಟ್ ಮೈಕೋ ಕೊಡಿ, ಸ್ಪೀಕರ್‌ಗಳನ್ನ ನಟರು ನಿಲ್ಲೋ ಜಾಗಕ್ಕಿಂತ ಮುಂದಿಡಿ ಅಂತ ಒಂದು ಸಾಲು ಬರೀರಿ.